ಲಿನಕ್ಸ್ ಹಾಕಿದ ಮೇಲೆ ಪರದೆ ಕಪ್ಪಾಯಿತೇ? ಚಿಪ್ ಸುಟ್ಟಿಲ್ಲ, ಫರ್ಮ್‌ವೇರ್ ಸಿಕ್ಕಿಲ್ಲದಿರಬಹುದು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಲು ಬಾರದ ಹಳೆಯ ಲ್ಯಾಪ್‌ಟಾಪ್‌ಗಳನ್ನು ಗುಜರಿಗೆ ಹಾಕುವ ಬದಲು ಲಿನಕ್ಸ್ ಹಾಕಿಸಿಕೊಳ್ಳಿ ಎಂಬ ಸಲಹೆ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಸಲಹೆ ಒಳ್ಳೆಯದೇ. ಆದರೆ ಅದರ ಬಾಲಕ್ಕೆ ಮೂರು ಮಾತುಗಳೂ ಅಂಟಿಕೊಂಡು ಬರುತ್ತವೆ: ಲಿನಕ್ಸಿನಲ್ಲಿ ಕಂಪನಿಗಳ ಗುಟ್ಟಿನ ಸಾಫ್ಟ್‌ವೇರ್ ಒಂದೂ ಇರುವುದಿಲ್ಲ, ಪರದೆ ಕಪ್ಪಾದರೆ ಗ್ರಾಫಿಕ್ಸ್ ಚಿಪ್ ಸುಟ್ಟಿದೆ ಎಂದರ್ಥ, ಫರ್ಮ್‌ವೇರ್ ಎಂಬ ಫೈಲುಗಳು ಕಂಪನಿಯವರು ಬಿಟ್ಟ ವೈರಸ್, ಅಳಿಸಿಬಿಡಿ. ಈ ಮೂರನ್ನೂ ಒಂದೊಂದಾಗಿ ನೋಡೋಣ.

ಫರ್ಮ್‌ವೇರ್ ಎಂದರೇನು?

ವಾಷಿಂಗ್ ಮಷೀನಿನ ಗುಂಡಿ ಒತ್ತುವುದು ನೀವು. ನೀರು ಎಷ್ಟು ಬೇಕು, ಎಷ್ಟು ನಿಮಿಷ ತಿರುಗಬೇಕು ಎಂದು ಲೆಕ್ಕ ಹಾಕುವುದು ಅದರೊಳಗಿನ ಚಿಪ್. ಆ ಚಿಪ್ಪಿಗೆ ಕೆಲಸ ಹೇಳಿಕೊಡುವ ಸಣ್ಣ ಪ್ರೋಗ್ರಾಮೇ ಫರ್ಮ್‌ವೇರ್. ಕುಂದಾಪುರ ಸೀಮೆಯಲ್ಲಿ ಅಮಾಸೆಬೈಲು ಸೋಲಾರ್ ಬೆಳಕಿಗೆ ಹೆಸರಾದ ಊರು. ಇಂದಿನ ಹಲವು ಸೋಲಾರ್ ಇನ್ವರ್ಟರುಗಳಲ್ಲೂ ಬ್ಯಾಟರಿ ಯಾವಾಗ ತುಂಬಿತು, ಯಾವಾಗ ಕಡಿತ ಮಾಡಬೇಕು ಎಂದು ನೋಡಿಕೊಳ್ಳುವುದು ಇಂಥದ್ದೇ ಪ್ರೋಗ್ರಾಮು.

ಕಂಪ್ಯೂಟರಿನ ಗ್ರಾಫಿಕ್ಸ್ ಚಿಪ್ ಕೂಡ ಹೀಗೆಯೇ. ಡ್ರೈವರ್ ಮತ್ತು ಫರ್ಮ್‌ವೇರ್ ಒಂದೇ ಅಲ್ಲ. ಡ್ರೈವರ್ ಓಡುವುದು ಕಂಪ್ಯೂಟರಿನ ಮುಖ್ಯ ಪ್ರೊಸೆಸರಿನಲ್ಲಿ. ಫರ್ಮ್‌ವೇರ್ ಓಡುವುದು ಗ್ರಾಫಿಕ್ಸ್ ಚಿಪ್ಪಿನ ಒಳಗಿರುವ ಪುಟ್ಟ ಪ್ರೊಸೆಸರುಗಳಲ್ಲಿ. ಕಂಪ್ಯೂಟರ್ ಆನ್ ಆದಾಗ ಡ್ರೈವರ್ ಆ ಫೈಲನ್ನು ಡಿಸ್ಕಿನಿಂದ ಎತ್ತಿ ಚಿಪ್ಪಿಗೆ ದಾಟಿಸುತ್ತದೆ. ಮುಂದಿನ ಬಾರಿ ಆನ್ ಮಾಡಿದಾಗ ಮತ್ತೆ ದಾಟಿಸಬೇಕು. ಹಲವು ಮೊಬೈಲುಗಳ ಗ್ರಾಫಿಕ್ಸ್ ಚಿಪ್ಪಿಗೂ ಫರ್ಮ್‌ವೇರ್ ಬೇಕು. ಅದು ಫೋನಿನ ಸಿಸ್ಟಮ್ ಜೊತೆಗೇ ಬರುವುದರಿಂದ ನಮ್ಮ ಗಮನಕ್ಕೆ ಬರುವುದಿಲ್ಲ.

ಮಾತು 1: ಡ್ರೈವರ್ ಓಪನ್ ಸೋರ್ಸ್ ಆದರೆ ಎಲ್ಲವೂ ಓಪನ್ – ಅರ್ಧ ಸತ್ಯ

ಲಿನಕ್ಸಿನಲ್ಲಿ ಎಎಂಡಿ, ಇಂಟೆಲ್, ಎನ್ವಿಡಿಯಾ ಮೂರೂ ಕಂಪನಿಗಳ ಚಿಪ್ಪುಗಳಿಗೆ ಓಪನ್ ಸೋರ್ಸ್ ಡ್ರೈವರುಗಳಿವೆ. ಅವುಗಳ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಆದರೆ ಅವು ಚಿಪ್ಪಿಗೆ ದಾಟಿಸುವ ಫರ್ಮ್‌ವೇರ್ ಬಹುತೇಕ ಕಂಪನಿಯೇ ಕೊಟ್ಟ ಸಿದ್ಧ ಫೈಲು. ಹಂಚಲು ಅನುಮತಿ ಇದೆ, ಒಳಗಿನ ಕೋಡ್ ಮಾತ್ರ ನಮಗೆ ಸಿಗುವುದಿಲ್ಲ.

ಮೊದಮೊದಲು ಇಂಥ ಹಲವು ಫೈಲುಗಳು ಲಿನಕ್ಸ್ ಕರ್ನೆಲ್ಲಿನ ಕೋಡಿನೊಳಗೇ ಅಂಕಿಗಳ ಸಾಲಾಗಿ ಸೇರಿಕೊಂಡಿದ್ದವು. 2008ರ ಹೊತ್ತಿಗೆ ಅವನ್ನು ಬೇರ್ಪಡಿಸುವ ಕೆಲಸ ಶುರುವಾಗಿ, ಲಿನಕ್ಸ್-ಫರ್ಮ್‌ವೇರ್ ಎಂಬ ಪ್ರತ್ಯೇಕ ಸಂಗ್ರಹ ಹುಟ್ಟಿಕೊಂಡಿತು. ಕರ್ನೆಲ್ಲಿನಲ್ಲಿ ಉಳಿದಿದ್ದ ಹಳೆಯ ಫರ್ಮ್‌ವೇರ್ ಕಡತವನ್ನು 2017ರಲ್ಲಿ, 4.14ನೇ ಆವೃತ್ತಿಯಲ್ಲಿ, ತೆಗೆದುಹಾಕಲಾಯಿತು. ಈಗ ಕೋಡ್ ಒಂದು ಕಡೆ, ಫರ್ಮ್‌ವೇರ್ ಇನ್ನೊಂದು ಕಡೆ.

ಮಾತು 2: ಪರದೆ ಕಪ್ಪಾದರೆ ಚಿಪ್ ಸುಟ್ಟಿದೆ – ಬಹಳ ಸಲ ಸುಳ್ಳು

ಲಿನಕ್ಸ್ ಹಾಕುವ ಮುಂಚೆ ಪರದೆ ಸರಿಯಾಗಿದ್ದು, ಹಾಕಿದ ಮೇಲೆ ಕಪ್ಪಾದರೆ ಮೊದಲು ಅನುಮಾನ ಪಡಬೇಕಾದದ್ದು ಡ್ರೈವರ್ ಮತ್ತು ಫರ್ಮ್‌ವೇರ್ ಮೇಲೆ. ಫೈಲು ಸಿಗದಿದ್ದಾಗ ಏನಾಗುತ್ತದೆ ಎಂಬುದು ಚಿಪ್ಪಿನಿಂದ ಚಿಪ್ಪಿಗೆ ಬೇರೆ. ಇಂಟೆಲ್ ಚಿಪ್ಪುಗಳಲ್ಲಿ ಸಾಮಾನ್ಯವಾಗಿ ಚಿತ್ರ ಬರುತ್ತದೆ, ಆದರೆ ವಿದ್ಯುತ್ ಉಳಿತಾಯ ಕಡಿಮೆಯಾಗಿ ಬ್ಯಾಟರಿ ಬೇಗ ಇಳಿಯಬಹುದು. ಎಎಂಡಿ ಚಿಪ್ಪುಗಳಲ್ಲಿ ಪರದೆ ಕಪ್ಪಾಗಬಹುದು, ಅಥವಾ ಅಕ್ಷರಗಳೆಲ್ಲ ದೊಡ್ಡದಾಗಿ ಚಿತ್ರ ನಿಧಾನವಾಗಬಹುದು.

ಎನ್ವಿಡಿಯಾದ ಕಥೆ ಸ್ವಲ್ಪ ಉದ್ದ. 2014ರ ನಂತರ ಬಂದ ಅದರ ಕಾರ್ಡುಗಳು ಕಂಪನಿಯ ಡಿಜಿಟಲ್ ಸಹಿ ಇರುವ ಫರ್ಮ್‌ವೇರನ್ನು ಕೇಳತೊಡಗಿದವು. ಸ್ವಯಂಸೇವಕರು ಕಟ್ಟಿದ ನೂವೋ ಎಂಬ ಓಪನ್ ಸೋರ್ಸ್ ಡ್ರೈವರಿಗೆ ಬೇಕಾದ ಫೈಲುಗಳೆಲ್ಲ ಸಿಗದೆ, ಹಲವು ಕಾರ್ಡುಗಳು ಆನ್ ಆದಾಗಿನ ನಿಧಾನ ವೇಗದಲ್ಲೇ ಉಳಿದವು. ಕಾರ್ಡ್ ಕೆಟ್ಟಿರಲಿಲ್ಲ, ವೇಗ ಹೆಚ್ಚಿಸುವ ಬೀಗದ ಕೈ ಡ್ರೈವರಿನ ಬಳಿ ಇರಲಿಲ್ಲ, ಅಷ್ಟೆ.

2018ರಿಂದ ಬಂದ ಕಾರ್ಡುಗಳಲ್ಲಿ ಜಿಎಸ್‌ಪಿ ಎಂಬ ಒಳ ಪ್ರೊಸೆಸರ್ ಇದೆ. ಚಿಪ್ಪನ್ನು ಎಬ್ಬಿಸುವುದು, ವೇಗ ಏರಿಸಿ ಇಳಿಸುವುದು ಮುಂತಾದ ಕೆಲಸವನ್ನೆಲ್ಲ ಅದರ ಫರ್ಮ್‌ವೇರ್ ವಹಿಸಿಕೊಳ್ಳಬಲ್ಲದು. 2024ರ ಜನವರಿಯಲ್ಲಿ ಬಂದ ಲಿನಕ್ಸ್ 6.7ರಿಂದ ನೂವೋ ಇದನ್ನು ಬಳಸಬಲ್ಲದು. ಆದರೆ ಹೊಸ ತೊಡಕು ಹುಟ್ಟಿತು: ಫರ್ಮ್‌ವೇರಿನ ಆವೃತ್ತಿ ಬದಲಾದರೆ ಅದರೊಡನೆ ಮಾತಾಡುವ ರೀತಿಯೂ ಬದಲಾಗುತ್ತದೆ. ಆದ್ದರಿಂದ ಡ್ರೈವರಿನ ಒಳರಚನೆಯನ್ನೇ ತಿದ್ದಿ, ಎಲ್ಲಕ್ಕೂ ಸಾಮಾನ್ಯವಾದ ಭಾಗವನ್ನೂ ಆಯಾ ಆವೃತ್ತಿಯ ಭಾಗವನ್ನೂ ಬೇರೆ ಮಾಡಬೇಕಾಯಿತು. 2025ರ ಜುಲೈನಲ್ಲಿ ಬಂದ 6.16ರಲ್ಲಿ ನೂವೋ ಹೊಸ ಫರ್ಮ್‌ವೇರನ್ನೂ ಹಳೆಯದನ್ನೂ ಒಟ್ಟಿಗೆ ನಿಭಾಯಿಸುವಂತಾಯಿತು. ಈ ಹೊಸ ಕಾರ್ಡುಗಳಿಗಾಗಿಯೇ ನೋವಾ ಎಂಬ ಇನ್ನೊಂದು ಡ್ರೈವರನ್ನು ರಸ್ಟ್ ಭಾಷೆಯಲ್ಲಿ ಬರೆಯಲಾಗುತ್ತಿದೆ.

ಮಾತು 3: ಫರ್ಮ್‌ವೇರ್ ವೈರಸ್, ಅಳಿಸಿಬಿಡಿ – ಸುಳ್ಳು

ವೈರಸ್ ಎಂದರೆ ನಿಮಗೆ ಹಾನಿ ಮಾಡಲೆಂದು ನುಗ್ಗುವ ಪ್ರೋಗ್ರಾಮು. ಫರ್ಮ್‌ವೇರ್ ಚಿಪ್ಪಿನ ಅಗತ್ಯ ಭಾಗ. ವಿಂಡೋಸಿನಲ್ಲೂ ಅದು ಇದ್ದೇ ಇರುತ್ತದೆ, ಡ್ರೈವರ್ ಪ್ಯಾಕೇಜಿನೊಳಗೆ ಕೂತಿರುತ್ತದೆ. ಅಳಿಸಿದರೆ ವೇಗ ಹೆಚ್ಚುವುದಿಲ್ಲ, ಮುಂದಿನ ಬಾರಿ ಪರದೆಯೇ ಬರದಿರಬಹುದು.

ಹಾಗೆಂದು ಆಕ್ಷೇಪವೇ ಇಲ್ಲವೆಂದಲ್ಲ. ಒಳಗೆ ಏನು ಬರೆದಿದೆ ಎಂದು ಹೊರಗಿನವರು ಓದಿ ನೋಡಲಾಗದು. ಡಿಜಿಟಲ್ ಸಹಿ ಇದನ್ನು ಕಂಪನಿಯೇ ಕೊಟ್ಟದ್ದು, ಮಧ್ಯೆ ಯಾರೂ ತಿದ್ದಿಲ್ಲ ಎಂದಷ್ಟೇ ಹೇಳುತ್ತದೆ. ಒಳಗೆ ತಪ್ಪೇ ಇಲ್ಲವೆಂದು ಹೇಳುವುದಿಲ್ಲ. ಈ ಕಾರಣಕ್ಕೆ ಇಂಥ ಫೈಲುಗಳನ್ನು ಪೂರ್ತಿ ಬಿಟ್ಟ ಲಿನಕ್ಸ್ ಆವೃತ್ತಿಗಳೂ ಇವೆ. ಅವನ್ನು ಆರಿಸಿಕೊಂಡರೆ ಅದಕ್ಕೆ ಹೊಂದುವ ಯಂತ್ರವೇ ಬೇಕು.

ಡೆಬಿಯನ್ ಸಮುದಾಯ ಈ ವಿಷಯವನ್ನು 2022ರಲ್ಲಿ ಮತಕ್ಕೇ ಹಾಕಿತು. ಫರ್ಮ್‌ವೇರನ್ನು ಇನ್‌ಸ್ಟಾಲರಿನಲ್ಲೇ ಸೇರಿಸೋಣ ಎಂಬ ಪಕ್ಷ ಗೆದ್ದಿತು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಹಾಗೆಯೇ ನಡೆದಿದೆ.

ಹೊಸ ವಿಂಗಡಣೆಯಿಂದ ನಮಗೇನು?

ಎಲ್ಲ ಕಂಪನಿಗಳ ಎಲ್ಲ ಚಿಪ್ಪುಗಳ ಫರ್ಮ್‌ವೇರ್ ಒಟ್ಟಾದರೆ ನೂರಾರು ಎಂಬಿ. ಇಂಟೆಲ್ ಲ್ಯಾಪ್‌ಟಾಪಿನವರು ಎನ್ವಿಡಿಯಾದ ಫೈಲುಗಳನ್ನೂ ಇಳಿಸಿಕೊಳ್ಳಬೇಕಾಗಿತ್ತು. ಘಟ್ಟದ ಬುಡದ ಊರುಗಳಲ್ಲಿ ಮೊಬೈಲ್ ಹಾಟ್‌ಸ್ಪಾಟಿನಿಂದ ಅಪ್‌ಡೇಟ್ ಮಾಡುವವರಿಗೆ ಇದು ಸಣ್ಣ ವಿಷಯವಲ್ಲ. ಈಗ ಫೆಡೋರಾ, ಡೆಬಿಯನ್, ಆರ್ಚ್ ಮುಂತಾದವು ಕಂಪನಿವಾರು ಪ್ಯಾಕೇಜುಗಳಾಗಿ ಇವನ್ನು ಹಂಚಿವೆ. ಆರ್ಚ್ 2025ರ ಜೂನ್‌ನಲ್ಲಿ ಹೀಗೆ ಮಾಡಿದಾಗ, ಕೆಲವರು ಅಪ್‌ಡೇಟ್ ಮಾಡುವ ಮುಂಚೆ ಹಳೆಯ ಪ್ಯಾಕೇಜನ್ನು ಕೈಯಾರೆ ತೆಗೆಯಬೇಕಾಯಿತು. ಲಾಭದ ಜೊತೆ ಎಚ್ಚರವೂ ಬೇಕು: ಜಾಗ ಉಳಿಸಲೆಂದು ನಿಮ್ಮದೇ ಚಿಪ್ಪಿನ ಪ್ಯಾಕೇಜ್ ತೆಗೆದರೆ ಪರದೆಗೆ ಸಂಚಕಾರ.

ಹಾಗಾದರೆ ಏನು ಮಾಡಬೇಕು?

• ಇನ್‌ಸ್ಟಾಲ್ ಮಾಡುವ ಮುಂಚೆ ನಿಮ್ಮ ಫೋಟೋ, ದಾಖಲೆಗಳನ್ನು ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ.
• ಲಿನಕ್ಸನ್ನು ಮೊದಲು ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಿ. ಪರದೆ, ವೈಫೈ, ಧ್ವನಿ ಸರಿಯಿದ್ದರೆ ಮಾತ್ರ ಮುಂದುವರಿಯಿರಿ.
• ಹಲವು ವೈಫೈ ಚಿಪ್ಪುಗಳಿಗೂ ಫರ್ಮ್‌ವೇರ್ ಬೇಕು. ವೈಫೈ ಬರದಿದ್ದರೆ ಫೋನನ್ನು ಯುಎಸ್‌ಬಿ ಕೇಬಲಿನಿಂದ ಜೋಡಿಸಿ ಇಂಟರ್ನೆಟ್ ಕೊಡಿ.
• ಪರದೆ ಕಪ್ಪಾದರೆ, ಆನ್ ಮಾಡುವಾಗ ಬರುವ ಪಟ್ಟಿಯಲ್ಲಿ ಹಳೆಯ ಕರ್ನೆಲ್ ಅಥವಾ ಸುರಕ್ಷಿತ ಗ್ರಾಫಿಕ್ಸ್ ಆಯ್ಕೆ ಇದ್ದರೆ ಅದನ್ನು ಪ್ರಯತ್ನಿಸಿ. ಬೋರ್ಡ್ ಬದಲಿಸಲು ಒಪ್ಪುವುದು ಆಮೇಲಿನ ಮಾತು.
• ಫಾರ್ವರ್ಡ್‌ನಲ್ಲಿ ಬಂದ ಲಿಂಕಿನಿಂದ ಡ್ರೈವರನ್ನಾಗಲಿ ಫರ್ಮ್‌ವೇರನ್ನಾಗಲಿ ಇಳಿಸಬೇಡಿ. ನಿಜವಾದ ವೈರಸ್ ಬರುವ ದಾರಿ ಅದು. ನಿಮ್ಮ ಲಿನಕ್ಸಿನದೇ ಅಪ್‌ಡೇಟ್ ಸಾಕು.

ಹಳೆಯ ಯಂತ್ರಗಳಲ್ಲಿ ಲಿನಕ್ಸ್ ನಡೆಯುವುದೇ ಎಂದು ಕೇಳುವವರಿಗೆ ಪಕ್ಕದ ಕೇರಳದ ಉದಾಹರಣೆ ಇದೆ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಕೈಟ್ ಎಂಬ ಸರ್ಕಾರಿ ಸಂಸ್ಥೆ ಉಬುಂಟು ಆಧರಿಸಿ ಸಿದ್ಧಪಡಿಸಿದ ಲಿನಕ್ಸ್ ಬಳಕೆಯಲ್ಲಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಂಪ್ಯೂಟರ್ ಪಾಠ ಕಲಿಯುತ್ತಾರೆ.

ಒಟ್ಟಿನಲ್ಲಿ

ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ಎಂಬ ಸಂದೇಶವನ್ನು ಧಾರಾಳವಾಗಿ ಹಂಚಿ. ಫರ್ಮ್‌ವೇರ್ ಅಳಿಸಿ ಎಂಬ ಸಾಲು ಅದರಲ್ಲಿದ್ದರೆ, ಆ ಸಾಲನ್ನು ಮಾತ್ರ ತೆಗೆದು ಹಂಚಿ.