ಬೆಳಗ್ಗೆ ಮೊದಲ ಹೆಜ್ಜೆಗೇ ಹಿಮ್ಮಡಿ ನೋವಾ? ಇಂಜೆಕ್ಷನ್‌ಗೆ ಮೊದಲು ಇದನ್ನು ಓದಿ

ಬೆಂಗಳೂರು: ಬೆಳಗ್ಗೆ ಎದ್ದು ಮಂಚದಿಂದ ಕಾಲು ಕೆಳಗಿಟ್ಟರೆ ಹಿಮ್ಮಡಿಗೆ ಮೊಳೆ ಚುಚ್ಚಿದ ಹಾಗೆ ನೋವು. ನಾಲ್ಕು ಹೆಜ್ಜೆ ಕುಂಟಿದ ಮೇಲೆ ಸ್ವಲ್ಪ ಸಡಿಲ. ಸಂಜೆ ಹೊತ್ತಿಗೆ ಮತ್ತೆ ಶುರು. ಇದನ್ನು ವೈದ್ಯರು ಪ್ಲಾಂಟರ್ ಫೇಶಿಯೈಟಿಸ್ ಅಂತಾರೆ. ಪೀಣ್ಯದ ಫ್ಯಾಕ್ಟರಿ, ಗಾರ್ಮೆಂಟ್ಸ್‌ನ ಚೆಕಿಂಗ್ ಮತ್ತು ಐರನಿಂಗ್ ವಿಭಾಗ, ರಾಜಾಜಿನಗರ-ವಿಜಯನಗರದ ಬಟ್ಟೆ ಅಂಗಡಿ, ದರ್ಶಿನಿಗಳ ಅಡುಗೆಮನೆ ಹೀಗೆ ದಿನವಿಡೀ ನಿಂತೇ ದುಡಿಯುವವರಿಗೆ ಇದರ ಕಾಟ ಜಾಸ್ತಿ. ಸಾಮಾನ್ಯವಾಗಿ 40ರಿಂದ 60 ವರ್ಷದವರಲ್ಲಿ ಕಾಣಿಸುತ್ತೆ. ಸರಿಯಾಗಿ ನೋಡಿಕೊಂಡರೆ ಆಪರೇಷನ್ ಇಲ್ಲದೆ ಬಹುತೇಕರಿಗೆ ವಾಸಿಯಾಗುತ್ತೆ. ಆದ್ರೆ ತಿಂಗಳುಗಟ್ಟಲೆ ತಾಳ್ಮೆ ಬೇಕು.

ನೋವು ಯಾಕೆ ಬರುತ್ತೆ?

ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನ ಉದ್ದಕ್ಕೂ ಪಟ್ಟಿಯಂಥ ಗಟ್ಟಿ ನಾರು ಇರುತ್ತೆ. ಪಾದದ ಕಮಾನನ್ನು ಹಿಡಿದಿಡುವುದು ಇದೇ. ತಡೆದುಕೊಳ್ಳುವುದಕ್ಕಿಂತ ಹೆಚ್ಚು ಭಾರ ದಿನಾ ಬಿದ್ದರೆ ಹಿಮ್ಮಡಿಯ ಹತ್ತಿರ ನಾರು ಸವೆಯುತ್ತೆ. ರಾತ್ರಿ ಮಲಗಿದಾಗ ಅದು ಬಿಗಿಯಾಗಿ, ಬೆಳಗ್ಗೆ ಒಮ್ಮೆಲೇ ಎಳೆದಂತಾಗುತ್ತೆ. ಮೊದಲ ಹೆಜ್ಜೆಗೆ ಜೀವ ಹೋದಂತಾಗಲು ಇದೇ ಕಾರಣ. ತೂಕ ಹೆಚ್ಚಿರುವುದು, ಬಿಗಿಯಾದ ಮೀನಖಂಡ, ಚಪ್ಪಟೆ ಪಾದ, ಒಮ್ಮೆಲೇ ವಾಕಿಂಗ್ ಹೆಚ್ಚಿಸುವುದು ಕೂಡ ನೋವಿಗೆ ದಾರಿ.

'ಮೂಳೆ ಬೆಳೆದಿದೆ' ಅಂದ್ರೆ ಭಯ ಬೇಡ

ಎಕ್ಸ್‌ರೇಯಲ್ಲಿ ಹಿಮ್ಮಡಿ ಕೆಳಗೆ ಮುಳ್ಳಿನಂಥ ಮೂಳೆ ಕಂಡರೆ ಅದೇ ಕಾರಣ ಅಂತ ಅನೇಕರು ಹೆದರುತ್ತಾರೆ. ನೋವೇ ಇಲ್ಲದ ಎಷ್ಟೋ ಜನರಿಗೂ ಆ ಮುಳ್ಳು ಇರುತ್ತೆ. ಮುಳ್ಳು ಹಾಗೇ ಇದ್ದರೂ ನೋವು ಹೋಗುತ್ತೆ. ಅದನ್ನು ತೆಗೆಸಲು ಓಡಬೇಕಾಗಿಲ್ಲ.

ಮನೆಯಲ್ಲಿ ಮಾಡಬೇಕಾದ್ದು

* ಮಂಚದಿಂದ ಇಳಿಯುವ ಮೊದಲೇ ನೋವಿರುವ ಕಾಲನ್ನು ಇನ್ನೊಂದು ಮಂಡಿ ಮೇಲಿಟ್ಟು, ಬೆರಳುಗಳನ್ನು ಕೈಯಿಂದ ಹಿಂದಕ್ಕೆ ಎಳೆಯಿರಿ. 10 ಸೆಕೆಂಡ್‌ನಂತೆ 10 ಸಲ. ದಿನಕ್ಕೆ ಮೂರು ಬಾರಿ.
* ಗೋಡೆಗೆ ಕೈ ಒತ್ತಿ, ನೋವಿರುವ ಕಾಲನ್ನು ಹಿಂದಿಟ್ಟು, ಹಿಮ್ಮಡಿ ಎತ್ತದೆ ಮುಂದಕ್ಕೆ ಬಾಗಿ. ಮೀನಖಂಡ ಎಳೆದಂತೆ ಆಗಬೇಕು. 30 ಸೆಕೆಂಡ್‌ನಂತೆ ಮೂರು ಸಲ.
* ನೋವು ಸ್ವಲ್ಪ ತಗ್ಗಿದ ಮೇಲೆ ಮೆಟ್ಟಿಲ ಅಂಚಿನಲ್ಲಿ ನಿಂತು, ಬೆರಳ ಕೆಳಗೆ ಸುತ್ತಿದ ಟವೆಲ್ ಇಟ್ಟು, ಹಿಮ್ಮಡಿ ಎತ್ತಿ ಇಳಿಸಿ. ಎತ್ತಲು 3 ಸೆಕೆಂಡ್, ಮೇಲೆ 2, ಇಳಿಸಲು 3. ದಿನ ಬಿಟ್ಟು ದಿನ ಸಾಕು. ಡೆನ್ಮಾರ್ಕ್‌ನ ಅಧ್ಯಯನವೊಂದರಲ್ಲಿ ಈ ವ್ಯಾಯಾಮ ಮಾಡಿದವರು ಮೂರು ತಿಂಗಳಲ್ಲಿ ಬರೀ ಸ್ಟ್ರೆಚಿಂಗ್ ಮಾಡಿದವರಿಗಿಂತ ಬೇಗ ಸುಧಾರಿಸಿದ್ದರು.
* ನೀರು ತುಂಬಿ ಫ್ರೀಜರ್‌ನಲ್ಲಿಟ್ಟ ಬಾಟಲಿಗೆ ಬಟ್ಟೆ ಸುತ್ತಿ, ಅಂಗಾಲಿನ ಕೆಳಗೆ 10 ನಿಮಿಷ ಉರುಳಿಸಿ.

ಮನೆಯೊಳಗೂ ಚಪ್ಪಲಿ ಹಾಕಿ

ಗ್ರಾನೈಟ್, ಟೈಲ್ಸ್ ನೆಲದ ಮೇಲೆ ಬರಿಗಾಲಲ್ಲಿ ಓಡಾಡುವುದು ಈ ನೋವಿಗೆ ಒಳ್ಳೆಯದಲ್ಲ. ಒಳಗೆ ಹಾಕಲು ಮೆತ್ತನೆಯ ಒಂದು ಜೊತೆ ಬೇರೆ ಇಟ್ಟುಕೊಳ್ಳಿ. ಸವೆದ ಹವಾಯಿ ಚಪ್ಪಲಿ ಬಿಡಿ. ದುಬಾರಿ ಸೋಲ್ ಮಾಡಿಸಲೇಬೇಕು ಅಂತಿಲ್ಲ, ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಸೋಲ್ ಬಹಳ ಜನಕ್ಕೆ ಸಾಕಾಗುತ್ತೆ.

ಇಂಜೆಕ್ಷನ್ ಮತ್ತು ಎಕ್ಕದ ಎಲೆ

ಸ್ಟಿರಾಯ್ಡ್ ಇಂಜೆಕ್ಷನ್ ಕೆಲವು ವಾರ ಆರಾಮ ಕೊಡಬಹುದು. ಪದೇ ಪದೇ ತಗೊಂಡರೆ ಹಿಮ್ಮಡಿಯ ಕೊಬ್ಬಿನ ದಿಂಬು ತೆಳುವಾಗಬಹುದು, ಅಪರೂಪಕ್ಕೆ ನಾರೇ ಹರಿಯಬಹುದು. ಶುಗರ್ ಇದ್ದವರಿಗೆ ಸಕ್ಕರೆ ಮಟ್ಟವೂ ಏರುತ್ತೆ. ನೋವಿನ ಮಾತ್ರೆಯನ್ನೂ ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಿಂಗಳುಗಟ್ಟಲೆ ನುಂಗಬಾರದು.

ಬಿಸಿ ಇಟ್ಟಿಗೆ ಮೇಲೆ ಎಕ್ಕದ ಎಲೆ ಇಟ್ಟು ಹಿಮ್ಮಡಿ ಒತ್ತುವುದು ಹಳೇ ಮನೆಮದ್ದು. ಶುಗರ್‌ನಿಂದ ಪಾದದ ಸ್ಪರ್ಶ ಕಮ್ಮಿಯಾದವರು ಇದನ್ನು ಮಾಡಲೇಬಾರದು. ಸುಟ್ಟರೂ ಗೊತ್ತಾಗಲ್ಲ, ಆ ಗಾಯ ಬೇಗ ಮಾಯಲ್ಲ. ಐಸ್ ಬಾಟಲಿಯೂ ಅವರಿಗೆ ಬೇಡ.

ಯಾವಾಗ ವೈದ್ಯರ ಹತ್ತಿರ ಹೋಗಬೇಕು?

ಆರು ವಾರ ಇದನ್ನೆಲ್ಲ ಮಾಡಿಯೂ ಕಮ್ಮಿಯಾಗದಿದ್ದರೆ ತೋರಿಸಿ. ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಊತದ ಜೊತೆ ಜ್ವರ ಇದ್ದರೆ, ಪಾದ ಜೋಮು ಹಿಡಿದರೆ ಅಥವಾ ಉರಿದರೆ, ಮಲಗಿದ್ದಾಗಲೂ ನೋವಿದ್ದರೆ ಕಾಯಬೇಡಿ. ಸರ್ಕಾರಿ ಆಸ್ಪತ್ರೆ ಬೇಕಾದವರಿಗೆ ಮಲ್ಲೇಶ್ವರದ ಕೆ.ಸಿ. ಜನರಲ್, ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆ ಇವೆ.

ರಜೆ ಹಾಕಿದ್ರೆ ಸಂಬಳ?

ಸಂಬಳ ಹೋಗುತ್ತೆ ಅಂತಲೇ ಎಷ್ಟೋ ಜನ ನೋವು ನುಂಗಿ ನಿಲ್ಲುತ್ತಾರೆ. ಆದ್ರೆ ಇಎಸ್‌ಐ ಕಟ್ಟುತ್ತಿರುವವರಿಗೆ ಒಂದು ದಾರಿ ಇದೆ. ಮೊದಲು ತಮ್ಮ ಇಎಸ್‌ಐ ಡಿಸ್ಪೆನ್ಸರಿಗೆ ಹೋಗಬೇಕು, ಅಗತ್ಯವಿದ್ದರೆ ಅಲ್ಲಿಂದ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಕಳಿಸುತ್ತಾರೆ. ಇಎಸ್‌ಐ ವೈದ್ಯರು ವಿಶ್ರಾಂತಿ ಬರೆದುಕೊಟ್ಟರೆ ದಿನದ ಸರಾಸರಿ ವೇತನದ ಶೇ 70ರಷ್ಟು ಕಾಯಿಲೆ ಭತ್ಯೆ ಸಿಗುತ್ತೆ, ವರ್ಷಕ್ಕೆ ಗರಿಷ್ಠ 91 ದಿನ. ಇದಕ್ಕೆ ಆರು ತಿಂಗಳ ಅವಧಿಯಲ್ಲಿ ಕನಿಷ್ಠ 78 ದಿನ ಹಣ ಕಟ್ಟಿರಬೇಕು.

ಕೆಲಸದ ಜಾಗದಲ್ಲಿ ಒಂದು ಸ್ಟೂಲ್ ಕೇಳುವುದೂ ತಪ್ಪಲ್ಲ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸಗಾರರಿಗೆ ಕೂರಲು ಆಸನ ಕೊಡಲೇಬೇಕು ಅಂತ ಕಾನೂನನ್ನೇ ತಿದ್ದಿವೆ. ಗಂಟೆಗೆ ಐದು ನಿಮಿಷ ಕೂತರೂ ಹಿಮ್ಮಡಿಗೆ ಅಷ್ಟು ಭಾರ ಕಮ್ಮಿ.