ಮಂಜುಗಡ್ಡೆಯ ಮೇಲೆ ನಾಲ್ಕು ಚಕ್ರ

ಹದಿನೇಳನೆಯ ಶತಮಾನದಲ್ಲಿ ಯೂರೋಪನ್ನು ಮೂವತ್ತು ವರ್ಷಗಳ ಕಾಲ ಬೇಯಿಸಿದ ಯುದ್ಧವೊಂದುಂಟು. ೧೬೩೦ರಲ್ಲಿ ಸ್ವೀಡನ್ನಿನ ದೊರೆ ಗುಸ್ತಾವ್ ಅಡಾಲ್ಫನು ಅದರೊಳಗೆ ಇಳಿದಾಗ ಅವನ ದಂಡಿನಲ್ಲಿ ಫಿನ್ಲೆಂಡಿನ ರಾವುತರೂ ಇದ್ದರು. ಆ ಕಾಲಕ್ಕೆ ಫಿನ್ಲೆಂಡು ಸ್ವೀಡನ್ ರಾಜ್ಯದ ಒಂದು ಭಾಗ. ಈ ರಾವುತರು ವೈರಿಗಳ ಮೇಲೆ ನುಗ್ಗುವಾಗ ‘ಹಕ್ಕಾ ಪ್ಯಾಲ್ಲೆ’ ಎಂದು ಬೊಬ್ಬಿಡುತ್ತಿದ್ದರಂತೆ. ‘ಮೇಲೆ ಬಿದ್ದು ಕಡಿ’ ಎಂಬುದು ಅದರ ತಾತ್ಪರ್ಯ. ಆ ಕೂಗೇ ಅವರಿಗೆ ಹೆಸರಾಯಿತು: ಹಕ್ಕಪೆಲೀಟ್ಟರು. (‘ಹಕ್ಕಾ’ ಎಂಬುದನ್ನು ಕೇಳಿದೊಡನೆ ನಮ್ಮ ‘ಹಾಕು’ ಧಾತುವಿನ ನೆಂಟಸ್ತಿಕೆ ಹುಡುಕಲು ಹೊರಡುವ ಪಂಡಿತರು ನಮ್ಮಲ್ಲಿ ಇಲ್ಲದಿಲ್ಲ. ಅವರಿಗೆ ನನ್ನ ನಮಸ್ಕಾರ. ಅಂಥ ನೆಂಟಸ್ತಿಕೆ ಏನೂ ಇಲ್ಲ.)

ಮೂರು ಶತಮಾನ ಕಳೆದ ಮೇಲೆ, ೧೯೩೬ರಲ್ಲಿ, ಈ ರಾವುತರ ಹೆಸರು ಕತ್ತಿಗಲ್ಲ, ಕೋಟೆಗಲ್ಲ, ಕಾರಿನ ಟೈರಿಗೆ ಬಂದು ಸೇರಿತು. ‘ಲೂಮಿ ಹಕ್ಕಪೆಲೀಟ್ಟ’ ಎಂದು ಅದರ ನಾಮಧೇಯ. ಲೂಮಿ ಎಂದರೆ ಹಿಮ. ಹಿಮದ ಮೇಲೆ ಓಡುವ ಕಾರಿಗಾಗಿಯೇ ಮಾಡಿದ ಮೊದಮೊದಲಿನ ಟೈರುಗಳಲ್ಲಿ ಇದೊಂದು. ಆ ಹೆಸರಿನ ಟೈರು ಇಂದಿಗೂ ಮಾರಾಟವಾಗುತ್ತಿದೆ.

ನಮಗೆ ಇದು ಸ್ವಲ್ಪ ವಿಚಿತ್ರವಾಗಿ ಕಾಣುವುದು ಸಹಜ. ನಮ್ಮಲ್ಲಿ ಟೈರೆಂದರೆ ಟೈರು. ಕೊಂಡ ದಿನ ಹಾಕಿಸಿದ್ದನ್ನು ಸವೆದು ನುಣ್ಣಗಾಗುವವರೆಗೂ, ಎಷ್ಟೋ ವೇಳೆ ನುಣ್ಣಗಾದ ಮೇಲೂ, ಓಡಿಸುತ್ತೇವೆ. ಕಾರಿಗೆ ಬೇಸಗೆಗೊಂದು ಜೊತೆ, ಚಳಿಗಾಲಕ್ಕೊಂದು ಜೊತೆ ಟೈರು ಬೇಕೆಂದರೆ ಇದು ವರ್ತಕರ ಹಿಕಮತ್ತು ಎಂದೇ ನಮ್ಮ ಗೃಹಸ್ಥನು ಭಾವಿಸುವನು. ಆದರೆ ಈ ಗಂಟು ಬಿದ್ದಿರುವುದು ರಬ್ಬರಿನ ಸ್ವಭಾವದಲ್ಲಿಯೇ. ರಬ್ಬರು ಬಿಸಿಲು ಮಳೆಗಳ ಕೂಸು. ನಮ್ಮ ಸುಳ್ಯ ಪುತ್ತೂರುಗಳ ಗುಡ್ಡಗಳಲ್ಲಿ ಮುಂಜಾನೆ ಮರದ ತೊಗಟೆ ಕೆತ್ತಿ, ಗೆರಟೆಯಂಥ ಬಟ್ಟಲಿನಲ್ಲಿ ಹಾಲು ಇಳಿಸುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಸಿ ರಬ್ಬರು ಸೆಖೆಗೆ ಅಂಟಂಟಾಗುತ್ತದೆ, ಚಳಿಗೆ ಬಿರುಸಾಗುತ್ತದೆ. ೧೮೩೯ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಅದಕ್ಕೆ ಗಂಧಕ ಬೆರೆಸಿ ಕಾಯಿಸುವ ಉಪಾಯವನ್ನು ಕಂಡುಕೊಂಡ ಮೇಲೆ ಈ ದೋಷ ಬಹುಮಟ್ಟಿಗೆ ಹೋಯಿತು. ೧೮೮೮ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ತನ್ನ ಮಗನ ಮೂರುಗಾಲಿ ಸೈಕಲ್ಲಿಗೆ ಗಾಳಿ ತುಂಬಿದ ಟೈರು ಕಟ್ಟಿಕೊಟ್ಟನು. ಅಲ್ಲಿಂದ ಮುಂದಿನದು ಎಲ್ಲರಿಗೂ ಗೊತ್ತು. ಆದರೆ ಹೋದದ್ದು ಬಹುಮಟ್ಟಿಗೆ, ಪೂರ್ತಿಯಾಗಿ ಅಲ್ಲ. ಹವೆ ಸುಮಾರು ೭ ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿಳಿದರೆ ಬೇಸಗೆಯ ಟೈರಿನ ರಬ್ಬರು ಬಿಗಿಯತೊಡಗುತ್ತದೆ. ನೆಲವನ್ನು ಅಪ್ಪಿ ಹಿಡಿಯುವ ಗುಣ ಕುಗ್ಗುತ್ತದೆ. ಹಿಮವೇ ಬೀಳಬೇಕೆಂದಿಲ್ಲ, ಬರಿಯ ಚಳಿ ಸಾಕು. ಚಳಿಗಾಲದ ಟೈರಿನ ರಬ್ಬರನ್ನು ಕೊರೆಯುವ ಥಂಡಿಯಲ್ಲಿಯೂ ಮೆತ್ತಗಿರುವಂತೆ ಪಾಕ ಮಾಡಿರುತ್ತಾರೆ. ಅದನ್ನೇ ಬೇಸಗೆಯಲ್ಲಿ ಓಡಿಸಿದರೆ ಬೇಗನೆ ಸವೆಯುವುದಲ್ಲದೆ ಬ್ರೇಕು ಹಾಕಿದಾಗ ಗಾಡಿ ನಿಲ್ಲುವುದೂ ತಡವಾಗುತ್ತದೆ. ಎರಡು ಋತುವಿಗೂ ಒಂದೇ ಪಾಕ ಒಪ್ಪುವುದಿಲ್ಲ.

ಟೈರು ಹುಟ್ಟುವ ಮೊದಲು ಬಂದದ್ದು ಸರಪಳಿ. ಕೆಸರಿನಲ್ಲಿ, ಹಿಮದಲ್ಲಿ ಚಕ್ರ ಜಾರದಿರಲೆಂದು ಅಮೆರಿಕದ ಸವಾರರು ಅದಕ್ಕೆ ಹಗ್ಗ ಸುತ್ತುತ್ತಿದ್ದರು. ಅದನ್ನು ಕಂಡೇ ನ್ಯೂಯಾರ್ಕ್ ಸಂಸ್ಥಾನದ ಹ್ಯಾರಿ ವೀಡ್ ಎಂಬಾತನು ಚಕ್ರಕ್ಕೆ ತೊಡಿಸುವ ಸರಪಳಿಯನ್ನು ಮಾಡಿ ೧೯೦೪ರಲ್ಲಿ ಹಕ್ಕುಪತ್ರ ಪಡೆದನೆಂದು ಹೇಳುತ್ತಾರೆ. ಇದು ನಮಗೆ ತೀರ ಪರಕೀಯವಾದ ವಿದ್ಯೆಯಲ್ಲ. ಮಳೆಗಾಲದಲ್ಲಿ ಮಲೆನಾಡಿನ ತೋಟದ ದಾರಿಯಲ್ಲಿ ಜೀಪಿನ ಚಕ್ರಕ್ಕೆ ಸರಪಳಿ ಕಟ್ಟಿ ಕೆಸರು ಹತ್ತಿಸುವುದನ್ನು ನಮ್ಮವರೂ ಬಲ್ಲರು. ಆದರೆ ಸರಪಳಿ ಕಟ್ಟಿದ ಗಾಡಿ ವೇಗವಾಗಿ ಹೋಗಲಾರದು. ಬರಿಯ ರಸ್ತೆ ಬಂದೊಡನೆ ಇಳಿದು ಬಿಚ್ಚಬೇಕು, ಮುಂದೆ ಹಿಮ ಕಂಡರೆ ಮತ್ತೆ ಕೈ ಮರಗಟ್ಟಿಸಿಕೊಂಡು ಕಟ್ಟಬೇಕು. ಕಟ್ಟುವುದು ಬಿಚ್ಚುವುದರಲ್ಲಿಯೇ ಹಗಲು ಕಳೆದೀತು.

ಫಿನ್ಲೆಂಡಿನ ರಬ್ಬರ್ ಕಾರ್ಖಾನೆ ಸ್ಥಾಪಿತವಾದದ್ದು ೧೮೯೮ರಲ್ಲಿ. ಕೆಲವೇ ವರ್ಷಗಳಲ್ಲಿ ಅದು ತಾಂಪೆರೆ ನಗರದ ಬಳಿಯ ನೋಕಿಯಾ ಎಂಬ ಊರಿಗೆ ಬಂದು ನೆಲೆಸಿತು. ಹೌದು, ಒಂದು ಕಾಲದಲ್ಲಿ ನಮ್ಮೆಲ್ಲರ ಜೇಬಿನಲ್ಲಿದ್ದ ಮೊಬೈಲು ಫೋನಿನ ಹೆಸರಿನ ಮೂಲ ಆ ಊರೇ. ೧೯೬೭ರಲ್ಲಿ ಕಾಗದ, ತಂತಿ, ರಬ್ಬರುಗಳ ಮೂರು ಉದ್ಯಮಗಳು ಒಂದಾದವು. ೧೯೮೮ರಲ್ಲಿ ಟೈರಿನವರು ಬೇರೆ ಒಲೆ ಹೂಡಿದರು. ಈ ಕಾರ್ಖಾನೆಯವರು ೧೯೩೪ರಲ್ಲಿ ಲಾರಿಗಳಿಗಾಗಿ ‘ಕೆಲಿರೆಂಗಾಸ್’ ಎಂಬ ಟೈರನ್ನು ಮಾಡಿದರು. ‘ಕೆಲಿ’ ಎಂಬ ಪದಕ್ಕೆ ಕನ್ನಡದಲ್ಲಿ ಸಮಾನಪದ ನನಗೆ ಹೊಳೆಯುತ್ತಿಲ್ಲ; ಹವೆಯಿಂದಾಗಿ ರಸ್ತೆಗೆ ಒದಗಿದ ಸ್ಥಿತಿ ಎಂದು ಅದರ ಅರ್ಥ. ಅಂಥದೊಂದು ಭಾವಕ್ಕೆ ಒಂದೇ ಮಾತು ಬೇಕಾಗುವ ನಾಡು ಎಂಥದಿರಬೇಕು! ಆಗಿನ್ನೂ ರಸ್ತೆಯ ಹಿಮವನ್ನು ಸರಿಯಾಗಿ ಬಳಿದು ತೆಗೆಯುವ ಏರ್ಪಾಡು ಎಲ್ಲೆಡೆ ಇರಲಿಲ್ಲ. ಮೆತ್ತಗೆ ದಪ್ಪಗೆ ಬಿದ್ದ ಹಿಮದಲ್ಲಿ ಹೂತುಹೋಗದೆ ಮುಂದೆ ಸಾಗುವುದೇ ದೊಡ್ಡ ಮಾತು. ಆದ್ದರಿಂದ ಟೈರಿನ ಮೈಗೆ ಅಡ್ಡಡ್ಡಲಾಗಿ ಆಳವಾದ ಕಚ್ಚುಗಳನ್ನು ಕೊಟ್ಟರು. ನೇಗಿಲು ನೆಲ ಕಚ್ಚುವಂತೆ ಅದು ಹಿಮವನ್ನು ಕಚ್ಚಿ ಮುಂದೆ ಹೋಗುತ್ತಿತ್ತು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಸರಪಳಿಯಾಗಲಿ, ಮೊದಲ ಟೈರುಗಳಾಗಲಿ ಉತ್ತರ ಕೊಟ್ಟದ್ದು ‘ಗಾಡಿ ಹೊರಡುವುದು ಹೇಗೆ?’ ಎಂಬ ಪ್ರಶ್ನೆಗೆ. ‘ನಿಲ್ಲುವುದು ಹೇಗೆ?’ ಎಂಬುದನ್ನು ಜನ ಅಷ್ಟಾಗಿ ಕೇಳಿರಲಿಲ್ಲ. ಹಿಂದಿನ ಚಕ್ರಗಳು ಗಾಡಿಯನ್ನು ತಳ್ಳುತ್ತಿದ್ದ ಆ ಕಾಲದಲ್ಲಿ ಅಮೆರಿಕದ ಸಂಸಾರಸ್ಥರು ಹಿಮದ ಟೈರುಗಳನ್ನು ಎರಡೇ ಕೊಂಡು ಹಿಂದಕ್ಕೆ ಹಾಕಿಸಿ ಸುಮ್ಮನಾಗುತ್ತಿದ್ದರು. ಗಾಡಿ ಹೊರಡುತ್ತಿತ್ತು, ನಿಜ. ತಿರುವಿನಲ್ಲಿ ಮುಂದಿನ ಚಕ್ರಗಳು ಚಾಲಕನ ಮಾತು ಕೇಳದೆ ನೆಟ್ಟಗೆ ಹಳ್ಳದ ಕಡೆಗೆ ಹೋದರೆ ಅದು ವಿಧಿ ಎಂದುಕೊಳ್ಳಬೇಕು! ನಾಲ್ಕು ಚಕ್ರಕ್ಕೂ ಒಂದೇ ಜಾತಿಯ ಟೈರು ಇರಬೇಕು ಎಂಬ ಇಂದಿನ ನಿಯಮ ಬಹಳ ಜನರ ಮೈಕೈ ಮುರಿದ ಮೇಲೆ ಹುಟ್ಟಿದ ತಿಳಿವಳಿಕೆ.

ಯುದ್ಧಾನಂತರ ರಸ್ತೆಗಳು ಸುಧಾರಿಸಿದವು, ವಾಹನಗಳು ಹೆಚ್ಚಿದವು. ಆಗ ಹೊಸ ಕಂಟಕವೊಂದು ಕಾಣಿಸಿತು. ಹಿಮವನ್ನು ಬಳಿದ ಮೇಲೆ ಉಳಿದ ತೆಳುಪದರವನ್ನು ನೂರಾರು ಚಕ್ರಗಳು ಉಜ್ಜಿ ಉಜ್ಜಿ ಕನ್ನಡಿಯಂಥ ಮಂಜುಗಡ್ಡೆಯಾಗಿಸುತ್ತಿದ್ದವು. ಅದರ ಮೇಲೆ ಎಂಥ ಆಳದ ಕಚ್ಚಿದ್ದರೂ ಕಚ್ಚಲು ಏನೂ ಸಿಗದು. ಅದಕ್ಕೆ ಕಂಡುಕೊಂಡ ಪರಿಹಾರ ನಮ್ಮ ಎತ್ತಿನ ಲಾಳದ ಸೋದರ: ಟೈರಿನ ಮೈಯಲ್ಲಿ ಸಣ್ಣ ಮೊಳೆಗಳು. ೧೯೬೧ರಲ್ಲಿ ಹಕ್ಕಪೆಲೀಟ್ಟಕ್ಕೂ ಮೊಳೆ ಬಂತು. ಮೊಳೆಯ ತಿರುಳು ಟಂಗ್‌ಸ್ಟನ್ ಕಾರ್ಬೈಡ್. ಉಕ್ಕನ್ನೇ ಕೊರೆಯುವಷ್ಟು ಗಡಸು. ಹತ್ತೇ ವರ್ಷದಲ್ಲಿ ಈ ಮೊಳೆ ಚಳಿದೇಶಗಳಲ್ಲೆಲ್ಲ ಹರಡಿತು.

ಮಂಜುಗಡ್ಡೆ ಇದ್ದಾಗ ಮೊಳೆ ಅದನ್ನು ಕೊರೆಯುತ್ತದೆ. ಇಲ್ಲದಾಗ ರಸ್ತೆಯನ್ನೇ ಕೊರೆಯುತ್ತದೆ. ಡಾಂಬರಿನ ಮೇಲೆ ಗಾಲಿಯ ಜಾಡು ಹಳ್ಳವಾಯಿತು. ೧೯೭೫ರಲ್ಲಿ ಪಶ್ಚಿಮ ಜರ್ಮನಿ ಮೊಳೆಯನ್ನು ನಿಷೇಧಿಸಿತು. ರಸ್ತೆ ಹಾಳಾದರೆ ದುಡ್ಡಿನ ನಷ್ಟ, ಮತ್ತೆ ಹಾಕಿಸಬಹುದು. ಜಪಾನಿನ ಸೆಂದೈ ನಗರದಲ್ಲಿ ಕಂಡದ್ದು ಅದಕ್ಕಿಂತ ಘೋರ. ಅಲ್ಲಿ ಹಿಮ ಬೀಳುತ್ತದೆ, ಆದರೆ ಬಹುಕಾಲ ನಿಲ್ಲುವುದಿಲ್ಲ. ಸವಾರರು ಚಳಿಗಾಲವಿಡೀ ಮೊಳೆಯ ಟೈರಿನಲ್ಲಿಯೇ ಬರಿಯ ರಸ್ತೆಯ ಮೇಲೆ ಓಡಾಡುತ್ತಿದ್ದರು. ಕೆರೆದ ಡಾಂಬರು ಧೂಳಾಗಿ ಊರನ್ನೆಲ್ಲ ಮುಸುಕಿತು. ೧೯೮೦ರ ದಶಕದಲ್ಲಿ ಅಲ್ಲಿನ ನಾಗರಿಕರು ಇದರ ವಿರುದ್ಧ ದನಿಯೆತ್ತಿದರು. ೧೯೯೦ರಲ್ಲಿ ದೇಶದ ಶಾಸನಸಭೆಯೇ ಮೊಳೆಟೈರಿನ ಧೂಳನ್ನು ತಡೆಯುವ ಕಾನೂನು ಮಾಡಿತು. ಜಾರಿ ಬೀಳುವ ಭಯ ಗಾಡಿಯೊಳಗಿನವನದು, ಧೂಳು ಕುಡಿಯುವ ಸಂಕಟ ಬೀದಿಯಲ್ಲಿ ನಡೆಯುವವನದು. ಚಳಿಗಾಲದ ಟೈರಿನ ಇತಿಹಾಸದ ಜಗಳವೆಲ್ಲ ಈ ಇಬ್ಬರ ನಡುವಿನದೇ.

ಮೊಳೆ ಬಿಟ್ಟು ಮಂಜಿನ ಮೇಲೆ ನಿಲ್ಲುವ ವಿದ್ಯೆಯನ್ನು ಜಪಾನಿನವರೇ ಮುಂದೆ ನಿಂತು ಬೆಳೆಸಿದರು. ೧೯೮೮ರಲ್ಲಿ ಬ್ರಿಜ್‌ಸ್ಟೋನ್ ಕಂಪನಿಯ ‘ಬ್ಲಿಜಾಕ್’ ಬಂತು. ಮಂಜುಗಡ್ಡೆ ಜಾರುವುದು ಅದರ ಮೇಲಿನ ನೀರಿನ ತೆಳುಪೊರೆಯಿಂದ. ಆ ನೀರನ್ನು ಹೀರಿ ಸರಿಸಿದರೆ ರಬ್ಬರು ಮಂಜನ್ನು ಮುಟ್ಟಿ ಹಿಡಿಯಬಲ್ಲದು. ಅದಕ್ಕಾಗಿ ರಬ್ಬರಿನಲ್ಲಿಯೇ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು, ಮೈಮೇಲೆ ಬ್ಲೇಡಿನಿಂದ ಸೀಳಿದಂಥ ನೂರಾರು ಗೆರೆಗಳು. ಈ ಗೆರೆಗಳಿಗೆ ‘ಸೈಪು’ ಎಂದು ಹೆಸರು. ೧೯೨೩ರಲ್ಲಿ ಹಕ್ಕುಪತ್ರ ಪಡೆದ ಜಾನ್ ಸೈಪ್ ಎಂಬಾತನಿಂದ ಬಂದದ್ದು. ಅವನು ಕಸಾಯಿಖಾನೆಯ ಕೆಲಸಗಾರನೆಂದೂ, ಒದ್ದೆ ನೆಲದ ಮೇಲೆ ಜಾರದಿರಲೆಂದು ತನ್ನ ಜೋಡಿನ ಅಟ್ಟೆಯನ್ನು ಚಾಕುವಿನಿಂದ ಸೀಳಿಕೊಂಡನೆಂದೂ ಕಥೆಯುಂಟು. ನಿಜವಿರಲಿ ಬಿಡಲಿ, ಸೊಗಸಾದ ಕಥೆ.

ಟೈರಿನ ಪಕ್ಕದಲ್ಲಿ ಅಚ್ಚೊತ್ತುವ ಗುರುತುಗಳಿಗೂ ಒಂದು ಚರಿತ್ರೆಯಿದೆ. ಬಹುಕಾಲ ‘ಎಂ ಪ್ಲಸ್ ಎಸ್’ ಎಂಬ ಅಕ್ಷರಗಳಿದ್ದರೆ ಸಾಕೆನ್ನುತ್ತಿದ್ದರು. ಕೆಸರು ಮತ್ತು ಹಿಮ ಎಂದು ಅರ್ಥ. ಅದು ತಯಾರಕನು ತಾನೇ ಹಾಕಿಕೊಳ್ಳುವ ಬಿರುದು, ಅದಕ್ಕೆ ಪರೀಕ್ಷೆಯಿಲ್ಲ. ೧೯೯೯ರಲ್ಲಿ ಅಮೆರಿಕ, ಕೆನಡಾಗಳಲ್ಲಿ ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳನ್ನು ಬರೆದ ಗುರುತು ಬಂತು. ಇದಕ್ಕೆ ಹಿಮದ ಮೇಲೆ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಜರ್ಮನಿಯಲ್ಲಿ ೨೦೨೪ರ ಅಕ್ಟೋಬರಿನಿಂದ ಚಳಿಗಾಲದ ರಸ್ತೆಗೆ ಈ ಬೆಟ್ಟದ ಗುರುತಿಗೆ ಮಾತ್ರ ಮನ್ನಣೆ. ಆದರೆ ಇದು ಹಿಮದ ಪರೀಕ್ಷೆ, ಮಂಜುಗಡ್ಡೆಯದಲ್ಲ. ಅದಕ್ಕೆಂದು ೨೦೨೧ರಿಂದ ಯೂರೋಪಿನ ಟೈರುಚೀಟಿಯ ಮೇಲೆ ಬೇರೊಂದು ಚಿಹ್ನೆ ಇದೆ. ಕೆನಡಾದ ಕ್ವಿಬೆಕ್ ಪ್ರಾಂತ ೨೦೦೮ರಲ್ಲಿಯೇ ಚಳಿಗಾಲದ ಟೈರನ್ನು ಕಡ್ಡಾಯ ಮಾಡಿತು; ಫಿನ್ಲೆಂಡು ಅದಕ್ಕೂ ಮೂವತ್ತು ವರ್ಷ ಹಿಂದೆ, ೧೯೭೮ರಲ್ಲಿ.

ಈ ಚರಿತ್ರೆಯಲ್ಲಿ ನನಗೆ ಆಸಕ್ತಿ ಹುಟ್ಟಲು ಕಾರಣ ನನ್ನ ಅಕ್ಕನ ಮಗಳು. ಆಕೆ, ಆಕೆಯ ಗಂಡ, ಎರಡು ಮಕ್ಕಳು ತಾಂಪೆರೆಯಲ್ಲಿ ಮನೆ ಮಾಡಿದ್ದಾರೆ. ಕಳೆದ ಅಕ್ಟೋಬರಿನಲ್ಲಿ ಹಳೆಯ ಕಾರೊಂದನ್ನು ಕೊಂಡು ಫೋನು ಮಾಡಿದಳು. “ಮಾಮ, ಇಲ್ಲಿ ‘ನಸ್ತ’ ಬೇಕೋ ‘ಕಿತ್ಕ’ ಬೇಕೋ ಅಂತ ಕೇಳ್ತಾರೆ. ಇವರು ನಸ್ತ ಅಂತಾರೆ, ನಾನು ಕಿತ್ಕ ಅಂತೀನಿ. ನೀವೇ ಹೇಳಿ” ಎಂದಳು. ನಸ್ತ ಎಂದರೆ ಮೊಳೆ. ಕಿತ್ಕ ಎಂದರೆ ತಿಕ್ಕಾಟ, ಎಂದರೆ ಮೊಳೆಯಿಲ್ಲದ ಮೆತ್ತನೆಯ ಟೈರು. ಹಳಗನ್ನಡ ವ್ಯಾಕರಣ ಹೇಳುವವನಿಗೆ ಈ ನ್ಯಾಯಾಧೀಶನ ಪದವಿ! “ದಿನಾ ಎಲ್ಲಿಗೆ ಹೋಗ್ತೀಯಮ್ಮ?” ಎಂದೆ. “ಬೆಳಗಿನ ಜಾವ ಏಳಕ್ಕೆ, ಕತ್ತಲಲ್ಲೇ, ಊರಾಚೆ ಇಪ್ಪತ್ತೈದು ಕಿಲೋಮೀಟರು. ಕೆರೆ ದಂಡೆ ರಸ್ತೆ. ಮಕ್ಕಳು ಹಿಂದಿನ ಸೀಟಿನಲ್ಲಿ” ಎಂದಳು. “ಹಾಗಾದರೆ ಅವರು ಹೇಳಿದ್ದೇ ಸರಿ” ಎಂದೆ. “ಧೂಳು?” ಎಂದು ಕೇಳಿದಳು. ನಗರದೊಳಗೇ ಓಡಾಡುವವರಾಗಿದ್ದರೆ, ಬಸ್ಸು ಟ್ರಾಮು ಇದ್ದರೆ, ಮೊಳೆ ಬೇಡವೆಂದೇ ಹೇಳುತ್ತಿದ್ದೆ. ಕೆರೆಯಿಂದ ಏರಿದ ತೇವ ರಾತ್ರಿ ರಸ್ತೆಯ ಮೇಲೆ ಹೆಪ್ಪುಗಟ್ಟಿರುವ ಕಡೆ, ಮಕ್ಕಳನ್ನು ಕೂರಿಸಿಕೊಂಡು ಹೋಗುವ ತಾಯಿಗೆ ಧೂಳಿನ ಧರ್ಮ ಬೋಧಿಸುವ ಮನಸ್ಸು ನನಗೆ ಬರಲಿಲ್ಲ. ಸೆಂದೈಯವರು ಒಪ್ಪಲಿಕ್ಕಿಲ್ಲ.

ಹಾಕಿಸಿಕೊಂಡ ಬಗೆಯನ್ನು ಆಕೆ ಆಮೇಲೆ ಸವಿಸ್ತಾರವಾಗಿ ಬರೆದಳು. ಅಂಗಡಿಯವನು ಮೊದಲು ತೋರಿಸಿದ ಅಗ್ಗದ ಜೊತೆಯ ಪಕ್ಕದಲ್ಲಿ ನಾಲ್ಕಂಕಿಯ ಗುರುತಿತ್ತು. ಮೊದಲೆರಡು ಅಂಕಿ ವಾರ, ಕಡೆಯೆರಡು ವರ್ಷ. ಅದರ ಪ್ರಕಾರ ಆ ಟೈರಿಗೆ ಒಂಬತ್ತು ವಯಸ್ಸು. ಕಚ್ಚು ಆಳವಾಗಿದ್ದರೂ ರಬ್ಬರು ಮುದಿಯಾಗಿ ಬಿರುಸಾಗಿತ್ತು, ಗಂಡಹೆಂಡಿರು ಬೇಡವೆಂದರು. ಕಾನೂನಿಗೆ ಮೂರು ಮಿಲಿಮೀಟರು ಕಚ್ಚು ಸಾಕು, ಬಲ್ಲವರು ನಾಲ್ಕಕ್ಕಿಂತ ಕಡಿಮೆಯಾದರೆ ಬದಲಾಯಿಸುತ್ತಾರೆ. ಕೊನೆಗೆ ಹೊಸ ಜೊತೆಯನ್ನೇ ಕೊಂಡು, ಬೇಸಗೆಯದಕ್ಕಿಂತ ಸ್ವಲ್ಪ ಕಿರಿದಾದ ಅಗಲದ್ದನ್ನು ಬೇರೆ ರಿಮ್ಮಿಗೆ ಹಾಕಿಸಿದರು. ಕಿರಿದಾದ ಟೈರು ಹಿಮವನ್ನು ಸೀಳಿ ನೆಲ ಮುಟ್ಟುತ್ತದೆ. ಟೈರಿನ ಪಕ್ಕದ ಬಾಣದ ಗುರುತು ಉರುಳುವ ದಿಕ್ಕಿಗೆ ಇರಬೇಕು. ನಟ್ಟುಗಳನ್ನು ಎದುರುಬದುರಾಗಿ, ಬಿಗಿತ ಅಳೆಯುವ ಸ್ಪಾನರಿನಿಂದ ಬಿಗಿದು, ನೂರು ಕಿಲೋಮೀಟರು ಓಡಿದೊಳಗೆ ಮತ್ತೊಮ್ಮೆ ನೋಡಬೇಕು. ಹೊಸ ಮೊಳೆ ಗೂಡಿನಲ್ಲಿ ನೆಲೆಗೊಳ್ಳುವವರೆಗೆ, ಸುಮಾರು ೫೦೦ ಕಿಲೋಮೀಟರು, ಜೋರಾಗಿ ಓಡಿಸಕೂಡದು. ಹವೆ ಹತ್ತು ಡಿಗ್ರಿ ಇಳಿದರೆ ಟೈರಿನ ಒತ್ತಡ ಒಂದೂವರೆ ಎರಡು ಪೌಂಡು ಕುಗ್ಗುವುದರಿಂದ ಗಾಳಿಯನ್ನು ಆಗಾಗ ಪರೀಕ್ಷಿಸಬೇಕು. ಮುಂದೆ ಸವೆತದಲ್ಲಿ ವ್ಯತ್ಯಾಸ ಬಂದರೆ ಚೆನ್ನಾಗಿರುವ ಜೊತೆಯನ್ನು ಹಿಂದಕ್ಕೆ ಹಾಕಬೇಕು. ಹಿಂಬದಿ ಮೊದಲು ಜಾರಿದರೆ ಗಾಡಿ ಬುಗುರಿಯಾಗುತ್ತದೆ. ಬಿಚ್ಚಿದ ಬೇಸಗೆ ಟೈರುಗಳನ್ನು ಇಟ್ಟುಕೊಳ್ಳಲು ಅಪಾರ್ಟ್‌ಮೆಂಟಿನಲ್ಲಿ ಜಾಗವಿಲ್ಲ. ಅಂಗಡಿಯವರೇ ಬಾಡಿಗೆಗೆ ಇಟ್ಟುಕೊಳ್ಳುತ್ತಾರೆ. ಅದಕ್ಕೆ ಅಲ್ಲಿ ‘ರೆಂಗಾಸ್ ಹೊಟೆಲ್ಲಿ’ ಎನ್ನುತ್ತಾರೆ, ಟೈರಿನ ಹೊಟೇಲು. ಆರು ತಿಂಗಳು ಊಟವಿಲ್ಲದ ವಸತಿ.

ಜಗಳ ಇನ್ನೂ ತೀರ್ಮಾನವಾಗಿಲ್ಲ. ಸ್ಟಾಕ್‌ಹೋಮಿನ ಹೋರ್ನ್ಸ್‌ಗಾತನ್ ಎಂಬ ಬೀದಿಯಲ್ಲಿ ೨೦೧೦ರ ಜನವರಿಯಿಂದ ಮೊಳೆಯ ಟೈರಿಗೆ ಪ್ರವೇಶವಿಲ್ಲ. ಹೆಲ್ಸಿಂಕಿಯವರು ೨೦೨೨ರ ಚಳಿಗಾಲದಲ್ಲಿ ಒಂದೇ ಒಂದು ಬೀದಿಯಲ್ಲಿ ಮೊಳೆಯನ್ನು ಪ್ರಾಯೋಗಿಕವಾಗಿ ತಡೆದು ನೋಡಿದರು. ಆ ಬೀದಿಯ ಹೆಸರು ಲೆನ್‌ರೋಟ್ ಬೀದಿ: ಹಳ್ಳಿ ಹಳ್ಳಿ ನಡೆದು ಜನಪದ ಹಾಡುಗಳನ್ನು ಬರೆದುಕೊಂಡು, ೧೮೩೫ರಲ್ಲಿ ‘ಕಾಲೆವಾಲ’ ಮಹಾಕಾವ್ಯವನ್ನು ಹೊರತಂದ ಎಲಿಯಾಸ್ ಲೆನ್‌ರೋಟನ ಹೆಸರು. ಆತ ವೃತ್ತಿಯಿಂದ ವೈದ್ಯ. ನಡೆದದ್ದು, ಹಿಮದಲ್ಲಿ ಜಾರುಪಟ್ಟಿಗಳ ಮೇಲೆ ಸಾಗಿದ್ದು ಸಾವಿರಾರು ಮೈಲಿ. ಧೂಳಿನ ವಿಷಯದಲ್ಲಿ ವೈದ್ಯನಾಗಿ ಏನು ಹೇಳುತ್ತಿದ್ದನೋ, ಹಿಮದ ದಾರಿಹೋಕನಾಗಿ ಏನು ಹೇಳುತ್ತಿದ್ದನೋ, ಎರಡೂ ಒಂದೇ ಆಗಿರುತ್ತಿರಲಿಲ್ಲ ಎಂದು ನನ್ನ ಅನುಮಾನ.