ಮೊಣಕಾಲೂರಿದವರು ಬರೆದ ಲೆಕ್ಕ

ಪ್ರಾರ್ಥನೆ ಅಂದರೆ ಸಾಕು, ಚಳವಳಿಯ ಗೆಳೆಯರು ಮುಖ ತಿರುಗಿಸುತ್ತಾರೆ. ಕಾರಣವಿದೆ. ಗುಡಿಯ ಹೊರಗೆ ನಿಂತು ಕೈಮುಗಿದ ಜನ ನಾವು. ಆದರೆ ಮೊಣಕಾಲೂರಿದವರೆಲ್ಲ ಶರಣಾದವರಲ್ಲ ಎಂಬುದಕ್ಕೆ ಅಮೆರಿಕದ ಕಪ್ಪು ಜನರ ಚರಿತ್ರೆಯಲ್ಲಿ ಪುರಾವೆಯಿದೆ. ೧೯೭೨ರಲ್ಲಿ ದಲಿತ ಪ್ಯಾಂಥರ್ಸ್ ತಮ್ಮ ಹೆಸರನ್ನು ತಂದದ್ದು ಆ ಜನರಿಂದಲೇ. ಹೆಸರು ನಮಗೆ ಗೊತ್ತು, ಅದಕ್ಕೂ ಹಿಂದಿನ ಅವರ ಚರ್ಚಿನ ಕತೆ ಅಷ್ಟಾಗಿ ಗೊತ್ತಿಲ್ಲ.

ಫಿಲಡೆಲ್ಫಿಯಾದ ಸೇಂಟ್ ಜಾರ್ಜ್ ಮೆಥಡಿಸ್ಟ್ ಚರ್ಚು. ರಿಚರ್ಡ್ ಆಲೆನ್, ಅಬ್ಸಲೋಮ್ ಜೋನ್ಸ್ ಇಬ್ಬರೂ ಹುಟ್ಟಾ ಗುಲಾಮರು, ಆಲೆನ್ ದುಡಿದು ತನ್ನನ್ನು ತಾನೇ ಕೊಂಡುಕೊಂಡವನು. ಜೋನ್ಸ್ ಮೊದಲು ಹೆಂಡತಿಯನ್ನು ಬಿಡಿಸಿದ, ಆಮೇಲೆ ಅವನಿಗೂ ಬಿಡುಗಡೆ ಸಿಕ್ಕಿತು. ಚರ್ಚಿಗೆ ಗ್ಯಾಲರಿ ಕಟ್ಟುವಾಗ ಕಪ್ಪು ಜನರೂ ಹಣ ಕೊಟ್ಟರು, ಮೈ ಬಗ್ಗಿಸಿದರು. ಕಟ್ಟಿ ಮುಗಿದ ಮೇಲೆ ನಿಮ್ಮ ಜಾಗ ಅದೇ ಅಂತ ಮೇಲಕ್ಕೆ ಅಟ್ಟಿದರು. ಹೋದರು. ಅಲ್ಲಿಯೂ ಕುಳಿತ ಜಾಗ ಸರಿಯಿಲ್ಲವಂತೆ! ಪ್ರಾರ್ಥನೆಗೆ ಮೊಣಕಾಲೂರಿದ್ದ ಜೋನ್ಸನನ್ನು ಚರ್ಚಿನ ಧರ್ಮದರ್ಶಿಯೊಬ್ಬ ಹಿಡಿದೆಳೆದ. ಪ್ರಾರ್ಥನೆ ಮುಗಿಯುವ ತನಕ ತಡೆಯಿರಿ ಎಂದರೂ ಬಿಡಲಿಲ್ಲ. ಪ್ರಾರ್ಥನೆ ಮುಗಿಯಿತು. ಅವರೆಲ್ಲ ಒಟ್ಟಾಗಿ ಎದ್ದು ಹೊರನಡೆದರು. ಆಲೆನ್ ನೆನಪಿನಲ್ಲಿ ಇದು ೧೭೮೭. ಗ್ಯಾಲರಿ ಕಟ್ಟಿದ ಕಾಲ ಹಿಡಿದು ಇತಿಹಾಸಕಾರರು ೧೭೯೨ ಎನ್ನುತ್ತಾರೆ. ನನಗೆ ಎರಡನೆಯದೇ ಸರಿ ಕಾಣುತ್ತದೆ.

೧೭೯೩ರಲ್ಲಿ ಊರಿಗೆ ಹಳದಿ ಜ್ವರ ಬಿತ್ತು. ಐವತ್ತು ಸಾವಿರದಷ್ಟು ಜನರಿದ್ದ ಪಟ್ಟಣದಲ್ಲಿ ಸುಮಾರು ಐದು ಸಾವಿರ ಮಂದಿ ಸತ್ತರು. ಉಳ್ಳವರು ಊರು ಬಿಟ್ಟರು. ಕಪ್ಪು ಜನರಿಗೆ ಈ ಜ್ವರ ತಗಲುವುದಿಲ್ಲ ಎಂದು ನಂಬಿದ್ದ ಡಾಕ್ಟರ್ ಬೆಂಜಮಿನ್ ರಶ್ ಅವರ ನೆರವು ಕೇಳಿದ. ಆಲೆನ್, ಜೋನ್ಸ್ ತಮ್ಮವರನ್ನು ಸೇರಿಸಿ, ಮಾತಾಡಿ, ದೇವರ ಮೇಲೆ ಭಾರ ಹಾಕಿ ಇಳಿದರು. ರೋಗಿಗಳ ಆರೈಕೆ ಮಾಡಿದರು, ಹೆಣ ಹೊತ್ತರು. ೧೭೯೨ರಲ್ಲಿ ಊರಲ್ಲಿ ಮಣ್ಣಾದ ಕಪ್ಪು ಜನ ೬೭, ಮರುವರ್ಷ ೩೦೫. ಡಾಕ್ಟರನ ನಂಬಿಕೆ ಸುಳ್ಳಾಗಿತ್ತು.

ಇಂಥ ಕರುಣೆಯ ಬಗ್ಗೆ ನನಗೆ ಗುಮಾನಿಯಿದೆ. ಸಾವಿನ ಸುದ್ದಿ ಒಯ್ಯುವುದು, ಗುಂಡಿ ತೋಡುವುದು ನಮ್ಮ ಊರುಗಳಲ್ಲೂ ಕೇರಿಯ ಪಾಲೇ ಆಗಿತ್ತು. ಅದನ್ನು ಸೇವೆ ಅಂತ ಹೊಗಳುವುದು ಮೇಲಿನವರಿಗೆ ಬಹಳ ಅನುಕೂಲ. ಹೊಗಳಿಕೆಯೂ ಬೇಗ ತಿರುಗುತ್ತದೆ. ಮ್ಯಾಥ್ಯೂ ಕೇರಿ ಎಂಬ ಪ್ರಕಾಶಕ ಕಪ್ಪು ದಾದಿಯರು ವಿಪರೀತ ಕೂಲಿ ಕಿತ್ತರು, ಕೆಲವರು ಕದ್ದರು ಎಂದು ಬರೆದ. ಜ್ವರ ಬಂದಾಗ ಊರು ಬಿಟ್ಟವರಲ್ಲಿ ಆತನೂ ಒಬ್ಬ.

೧೭೯೪ರಲ್ಲಿ ಜೋನ್ಸ್, ಆಲೆನ್ ಕಿರುಹೊತ್ತಗೆಯೊಂದನ್ನು ಅಚ್ಚು ಹಾಕಿಸಿದರು. ಅದರಲ್ಲಿ ಗೋಳಿಲ್ಲ, ಲೆಕ್ಕವಿದೆ. ಬಂದದ್ದು ೨೩೩ ಪೌಂಡು ೧೦ ಷಿಲಿಂಗು ೪ ಪೆನ್ಸು. ಶವಪೆಟ್ಟಿಗೆಗೂ ಐವರು ಆಳುಗಳ ಕೂಲಿಗೂ ಹೋದದ್ದು ೪೧೧ ಪೌಂಡು. ಕೈಯಿಂದ ಕಳೆದುಕೊಂಡದ್ದು ೧೭೭ ಪೌಂಡು ೯ ಷಿಲಿಂಗು ೮ ಪೆನ್ಸು. ಅದೇ ಹೊತ್ತಗೆಯಲ್ಲಿ ಗುಲಾಮರನ್ನು ಇಟ್ಟುಕೊಂಡವರಿಗೆ ನೇರವಾಗಿ ಹೇಳಿದ ಮಾತುಗಳೂ ಇವೆ. ನಮ್ಮ ವಿಮರ್ಶೆ ದಲಿತ ಆತ್ಮಕಥೆಯಲ್ಲಿ ನೋವನ್ನು ಹುಡುಕಿದಷ್ಟು ಲೆಕ್ಕವನ್ನು ಹುಡುಕಿಲ್ಲ ಎಂಬುದು ನನ್ನ ತಕರಾರು. ತರಗತಿಯಲ್ಲಿ ಈ ಭಾಗ ಹೇಳಿದಾಗ ಹುಡುಗರು ಮೊದಲು ನಗುತ್ತಾರೆ, ಪೆನ್ಸಿಗೂ ಲೆಕ್ಕವೇ ಸಾರ್ ಅಂತ. ಕಳ್ಳರೆಂದು ಕರೆಸಿಕೊಂಡವರು ಪೆನ್ಸನ್ನೂ ಬಿಡುವಂತಿಲ್ಲ. ಕರುಣೆಗೆ ಋಣದ ಪಟ್ಟಿ ಬರೆದು ಊರ ಮುಂದೆ ಹಿಡಿದರಲ್ಲ, ನ್ಯಾಯದ ಮಾತು ಶುರುವಾಗುವುದು ಅಲ್ಲಿ.

ಅದೇ ವರ್ಷ ಇಬ್ಬರೂ ತಮ್ಮ ಜನರ ಚರ್ಚುಗಳ ಬಾಗಿಲು ತೆರೆದರು. ೧೭೯೯ರ ಕೊನೆಗೆ ಜೋನ್ಸ್ ಮತ್ತು ಎಪ್ಪತ್ತರಷ್ಟು ಮಂದಿ ಸೇರಿ ಗುಲಾಮರ ವ್ಯಾಪಾರದ ವಿರುದ್ಧ, ತಪ್ಪಿಸಿಕೊಂಡ ಗುಲಾಮರನ್ನು ಹಿಡಿದೊಪ್ಪಿಸುವ ಕಾಯಿದೆಯ ವಿರುದ್ಧ ಕಾಂಗ್ರೆಸ್ಸಿಗೆ ಅರ್ಜಿ ಕೊಟ್ಟರು. ನಮ್ಮಲ್ಲೂ ಅರ್ಜಿಯ ಕೊನೆಗೆ ‘ಪ್ರಾರ್ಥಿಸಿಕೊಳ್ಳುತ್ತೇನೆ’ ಎಂದೇ ಬರೆಯುತ್ತೇವೆ, ಅಲ್ಲವೆ? ೧೮೦೦ರ ಜನವರಿಯಲ್ಲಿ ಆ ಅರ್ಜಿಗೆ ವಿರುದ್ಧ ಬಿದ್ದ ಮತ ೮೫, ಪರ ಒಂದು.

ಇಲ್ಲಿ ೧೯೫೦ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯ ಪಟ್ಟಿಯಿಂದ ಕ್ರೈಸ್ತ ದಲಿತರನ್ನು ಹೊರಗಿಟ್ಟಿತು. ೧೯೫೬ರಲ್ಲಿ ಸಿಖ್ಖರಿಗೆ, ೧೯೯೦ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು. ಕ್ರೈಸ್ತ ದಲಿತರ ಅರ್ಜಿ ೨೦೦೪ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.